ಹುಚ್ಚಿಗೆ ಕಾರಣ: ಗಾಂಜಾ

ಸಂತೆಯ ಬೀದಿಯಲ್ಲಿ ಒಬ್ಬ ಮನುಷ್ಯನು ತನ್ನಷ್ಟಕ್ಕೆ ತಾನೇ ಮಾತನಾಡಿಕೊಳ್ಳುತ್ತ, ನಡುನಡುವೆ ಗಟ್ಟಿಯಾಗಿ ಕೂಗುತ್ತ ಅಲೆಯುತ್ತಿದ್ದಾನೆಂದು ಭಾವಿಸಿಕೊಳ್ಳಿ. ಕಾಲ 1890ರ ಆಸುಪಾಸು. ಸ್ಥಳ ಬಂಗಾಳವಾದರೂ ಸರಿ, ಪಂಜಾಬವಾದರೂ ಸರಿ, ನಮ್ಮ ಧಾರವಾಡವಾದರೂ ಸರಿ. ಮೈಮೇಲೆ ಬಟ್ಟೆ ನೆಟ್ಟಗಿಲ್ಲ. ಹುಡುಗರು ಬೆನ್ನು ಹತ್ತಿದ್ದಾರೆ. ಆತ ಯಾರ ಮಗನೋ, ಯಾವ ಊರಿನವನೋ, ಅಂಗಡಿಕಾರರಲ್ಲಿ ಯಾರಿಗೂ ತಿಳಿಯದು. ಅಷ್ಟರಲ್ಲಿ ಪೊಲೀಸಿನವನು ಬಂದು ಅವನನ್ನು ಠಾಣೆಗೆ ಕರೆದೊಯ್ಯುತ್ತಾನೆ. ಠಾಣೆಯಿಂದ ಮ್ಯಾಜಿಸ್ಟ್ರೇಟರ ಕಚೇರಿ. ಅಲ್ಲಿ ವೈದ್ಯರ ಪರೀಕ್ಷೆ. ಅಲ್ಲಿಂದ ಹುಚ್ಚರ ಆಸ್ಪತ್ರೆ. ಈ ಪ್ರಯಾಣದ ಉದ್ದಕ್ಕೂ ಅವನ ಜೊತೆಯಲ್ಲಿ ಒಂದು ಕಾಗದವೂ ಹೋಗುತ್ತದೆ. ಹೆಸರು, ಜಾತಿ, ವಯಸ್ಸು, ಊರು ಎಂದು ಅದರಲ್ಲಿ ಹಲವು ಕಾಲಂಗಳು. ಅವುಗಳಲ್ಲೊಂದು, ‘ಹುಚ್ಚಿಗೆ ಕಾರಣ’.

ತನ್ನ ಹೆಸರನ್ನೇ ಸರಿಯಾಗಿ ಹೇಳಲಾರದವನ ಹುಚ್ಚಿಗೆ ಕಾರಣವೇನೆಂದು ಠಾಣೆಯ ಬರಹಗಾರನು ಹೇಗೆ ತಿಳಿದಾನು? ವಂಶದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳೋಣವೆಂದರೆ ವಂಶದವರು ಹತ್ತಿರವಿಲ್ಲ. ಮಗನು ಸತ್ತ ದುಃಖವೋ, ಜ್ವರದ ತಾಪವೋ, ಅಪಸ್ಮಾರವೋ, ಹೇಳುವವರಿಲ್ಲ. ಆದರೆ ಕಾಲಂ ಖಾಲಿ ಉಳಿಯುವಂತಿಲ್ಲ. ‘ಗೊತ್ತಿಲ್ಲ’ ಎಂಬ ಉತ್ತರ ಮೇಲಿನವರಿಗೆ ಎಂದೂ ರುಚಿಸುವುದಿಲ್ಲ. ಇದು ಎಲ್ಲ ಕಾಲದ ಎಲ್ಲ ಕಚೇರಿಗಳ ಗುಣ. ಹಿಡಿದು ತಂದವನಂತೂ ಬಡವ, ಅಲೆಮಾರಿ. ಬೈರಾಗಿಯ ಹಾಗೆ ಕಾಣುತ್ತಾನೆ. ಸೊಂಟದಲ್ಲಿ ಒಂದು ಚಿಲುಮೆ ಸಿಕ್ಕಿತೆಂದರೆ ಮುಗಿಯಿತು. ಬರಹಗಾರನ ಲೇಖನಿ ನಿಶ್ಚಿಂತೆಯಿಂದ ಒಂದು ಪದವನ್ನು ಬರೆಯುತ್ತದೆ: ಗಾಂಜಾ.

ಈ ಒಂದು ಪದವು ಠಾಣೆಯಿಂದ ಆಸ್ಪತ್ರೆಯ ರಿಜಿಸ್ಟರಿಗೆ, ರಿಜಿಸ್ಟರಿನಿಂದ ವಾರ್ಷಿಕ ವರದಿಗೆ, ವರದಿಯಿಂದ ಲಂಡನ್ನಿನ ಪಾರ್ಲಿಮೆಂಟಿಗೆ ಏರಿಹೋದ ಬಗೆ, ಮತ್ತು ಒಂದು ದಿನ ಅದೇ ದಾರಿಯಲ್ಲಿ ಹಿಂದಿರುಗಿ ಬಂದ ಬಗೆ, ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಗಳ ಆಡಳಿತ ಎಂತಹುದಾಗಿತ್ತೆಂಬುದನ್ನು ಯಾವ ಶಾಸನಗ್ರಂಥಕ್ಕಿಂತಲೂ ಚೆನ್ನಾಗಿ ತಿಳಿಸುತ್ತದೆ.

ಕಾಯಿದೆಯೂ ಗೋಡೆಯೂ

ಹುಚ್ಚರಿಗಾಗಿ ಪ್ರತ್ಯೇಕವಾದ ಮನೆಗಳನ್ನು ಕಟ್ಟುವ ಪದ್ಧತಿ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿಯೇ ಬಂದಿತು. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಕಲಕತ್ತೆಯಲ್ಲಿ ಒಂದು ನಡೆಯುತ್ತಿದ್ದಿತು. ಮದರಾಸಿನಲ್ಲಿ 1794ರಲ್ಲಿ ವ್ಯಾಲೆಂಟೈನ್ ಕಾನೊಲಿ ಎಂಬ ಶಸ್ತ್ರವೈದ್ಯನು ಇನ್ನೊಂದನ್ನು ತೆರೆದನು. ಮೊದಮೊದಲು ಇವು ಹೆಚ್ಚಾಗಿ ಕಂಪನಿಯ ನೌಕರರಿಗೂ ಸಿಪಾಯಿಗಳಿಗೂ ಮೀಸಲು. ಬುದ್ಧಿ ಕೆಟ್ಟ ಬಿಳಿಯರನ್ನು ಸಾಧ್ಯವಾದಷ್ಟು ಬೇಗನೆ ಹಡಗು ಹತ್ತಿಸುತ್ತಿದ್ದರು. ಅವರಿಗಾಗಿ ಲಂಡನ್ನಿನ ಬಳಿ ಪೆಂಬ್ರೋಕ್ ಹೌಸ್ ಎಂಬ ಆಶ್ರಯವಿದ್ದಿತು. 1870ರ ತರುವಾಯ ಈಲಿಂಗ್‌ನಲ್ಲಿ ಅದಕ್ಕೆಂದೇ ಬೇರೊಂದು ಆಸ್ಪತ್ರೆ ಏರ್ಪಟ್ಟಿತು. ಆಳುವ ಜನಾಂಗದವನು ನಡುಬೀದಿಯಲ್ಲಿ ಹುಚ್ಚನಾಗಿ ತಿರುಗುವುದು ಆಳಿಕೆಯ ಘನತೆಗೆ ಒಪ್ಪುವಂತಹುದಲ್ಲ.

ದೇಶೀಯರ ವಿಷಯದಲ್ಲಿ ಕ್ರಮಬದ್ಧವಾದ ಏರ್ಪಾಡು ಬಂದುದು 1858ರಲ್ಲಿ. ಆ ವರ್ಷ ಹುಚ್ಚರಿಗೆ ಸಂಬಂಧಿಸಿದಂತೆ ಮೂರು ಕಾಯಿದೆಗಳು ಹೊರಟವು. ಎರಡು ಆಸ್ತಿವಂತರ ಆಸ್ತಿಯ ರಕ್ಷಣೆಯನ್ನು ಕುರಿತವು. ಮೂರನೆಯದಾದ 36ನೆಯ ಕಾಯಿದೆ ಆಸ್ಪತ್ರೆಗಳನ್ನು ಕುರಿತುದು. ಹುಚ್ಚರೆಂದು ತೋರಿ ಬೀದಿಯಲ್ಲಿ ಅಲೆಯುವವರನ್ನೂ, ಅಪಾಯಕರರೆಂದು ಕಂಡವರನ್ನೂ ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದು ಪೊಲೀಸ್ ದರೋಗನ ಕರ್ತವ್ಯವೆಂದು ಅದು ವಿಧಿಸಿತು. ಮ್ಯಾಜಿಸ್ಟ್ರೇಟರು ವೈದ್ಯಾಧಿಕಾರಿಯ ನೆರವಿನಿಂದ ಪರೀಕ್ಷಿಸಬೇಕು. ಮನವರಿಕೆಯಾದರೆ ಆಸ್ಪತ್ರೆಗೆ ಸೇರಿಸಿಕೊಳ್ಳುವಂತೆ ಹುಕುಂ ಬರೆಯಬೇಕು. ಪ್ರತಿಯೊಂದು ಆಸ್ಪತ್ರೆಗೂ ಮೂವರಿಗೆ ಕಡಿಮೆಯಿಲ್ಲದ ಸಂದರ್ಶಕರಿರಬೇಕು. ಅವರು ತಿಂಗಳಿಗೊಮ್ಮೆಯಾದರೂ ಬಂದು ನೋಡಬೇಕು. ಗುಣವಾದವನನ್ನು ಬಿಡುಗಡೆ ಮಾಡುವ ಅಧಿಕಾರವೂ ಅವರದೇ.

ಕಾಗದದ ಮೇಲೆ ಇದು ಕೆಟ್ಟ ಕಾಯಿದೆಯಲ್ಲ. ಒಬ್ಬನನ್ನು ಕೂಡಿಹಾಕಲು ಇಬ್ಬರು ಅಧಿಕಾರಿಗಳ ಒಪ್ಪಿಗೆ ಬೇಕೆಂಬುದೂ, ಹೊರಗಿನವರು ಬಂದು ನೋಡಬೇಕೆಂಬುದೂ ವಿವೇಕದ ಮಾತುಗಳೇ. ಆದರೆ ಯಾರ ಕೈಯಿಂದ ಈ ಯಂತ್ರ ತಿರುಗುತ್ತಿತ್ತೆಂಬುದನ್ನು ಗಮನಿಸಬೇಕು. ಒಳಕ್ಕೆ ತರುವವನು ಪೊಲೀಸಿನವನು. ಪದನಿಮಿತ್ತ ಸಂದರ್ಶಕರಲ್ಲಿ ಒಬ್ಬರು ಬಂದೀಖಾನೆಗಳ ಇನ್ಸ್‌ಪೆಕ್ಟರ್ ಜನರಲ್. ಆಸ್ಪತ್ರೆಯ ಮೇಲ್ವಿಚಾರಕನು ಬಹುಮಟ್ಟಿಗೆ ಆ ಜಿಲ್ಲೆಯ ಸಿವಿಲ್ ಸರ್ಜನ್. ಜಿಲ್ಲಾ ಆಸ್ಪತ್ರೆ, ಜೈಲು, ಶವಪರೀಕ್ಷೆ, ಸಿಡುಬಿನ ಚುಚ್ಚುಮದ್ದು, ದೊರೆಗಳ ಮನೆಯ ಬಾಣಂತನ ಇವೆಲ್ಲದರ ನಡುವೆ ಉಳಿದ ಹೊತ್ತಿನಲ್ಲಿ ಆತ ಹುಚ್ಚರನ್ನು ನೋಡಬೇಕು. ಚಿತ್ತರೋಗಗಳಲ್ಲಿ ವಿಶೇಷ ವ್ಯಾಸಂಗ ಮಾಡಿದವರು ಅವರಲ್ಲಿ ವಿರಳ. ರೋಗಿಯ ಭಾಷೆ ಬಲ್ಲವರು ಇನ್ನೂ ವಿರಳ. ದಿನವೆಲ್ಲ ರೋಗಿಯ ಜೊತೆಗಿರುವವರು ಕಡಿಮೆ ಸಂಬಳದ ಕಾವಲುಗಾರರು.

ಇಂತಹ ಮೇಲ್ವಿಚಾರಕನು ವರ್ಷದ ಕೊನೆಯಲ್ಲಿ ಸರಕಾರಕ್ಕೆ ವರದಿಯೊಂದನ್ನು ಕಳುಹಿಸಬೇಕಾಗಿತ್ತು. ಆ ವರದಿಗಳು ಕೋಷ್ಟಕಗಳಿಂದ ತುಂಬಿದ ದಪ್ಪ ಪುಸ್ತಕಗಳು. ಎಷ್ಟು ಮಂದಿ ಬಂದರು, ಎಷ್ಟು ಮಂದಿ ಸತ್ತರು, ತಲೆಗೆ ಎಷ್ಟು ಖರ್ಚು, ರೋಗಿಗಳಿಂದ ತೋಟಗೆಲಸ, ನೇಯ್ಗೆ ಮೊದಲಾದುವನ್ನು ಮಾಡಿಸಿದುದರಿಂದ ಬಂದ ಉತ್ಪನ್ನವೆಷ್ಟು, ಎಲ್ಲಕ್ಕೂ ಲೆಕ್ಕ. ಕೆಲಸವೂ ಒಂದು ಚಿಕಿತ್ಸೆಯೆಂದು ಆಗಿನ ವೈದ್ಯರು ನಂಬಿದ್ದರು. ಖಜಾನೆಗೂ ಆ ನಂಬಿಕೆ ಅನುಕೂಲವಾಗಿಯೇ ಇದ್ದಿತು. ಕೋಷ್ಟಕಗಳ ಸಾಲಿನಲ್ಲಿ ಒಂದು, ರೋಗಕಾರಣಗಳ ಕೋಷ್ಟಕ. ಅದನ್ನು ತುಂಬಲು ಮೇಲ್ವಿಚಾರಕನು ಏನು ಮಾಡಬೇಕು? ರೋಗಿಯ ಜೊತೆ ಬಂದ ಪೊಲೀಸಿನ ಕಾಗದವನ್ನು ತೆರೆದು ನೋಡಿ ಬರೆದುಕೊಳ್ಳಬೇಕು. ಹಾಗೆಯೇ ಮಾಡಿದನು.

ಅಂಕಿಯ ಅಧಿಕಾರ

ಠಾಣೆಯ ಬರಹಗಾರನು ಬರೆದಾಗ ಅದೊಂದು ಊಹೆ. ಸರ್ಜನನು ರಿಜಿಸ್ಟರಿಗೆ ಇಳಿಸಿಕೊಂಡಾಗ ಅದೊಂದು ವೈದ್ಯಕೀಯ ಅಭಿಪ್ರಾಯ. ಪ್ರಾಂತದ ರಾಜಧಾನಿಯಲ್ಲಿ ಎಲ್ಲ ರಿಜಿಸ್ಟರುಗಳನ್ನೂ ಕೂಡಿಸಿ ಮೊತ್ತ ಹಾಕಿದಾಗ ಅದು ವಿಜ್ಞಾನವಾಯಿತು! ವರ್ಷದಿಂದ ವರ್ಷಕ್ಕೆ ಕೋಷ್ಟಕಗಳಲ್ಲಿ ‘ಗಾಂಜಾ’ ಎಂಬ ಸಾಲಿನ ಮುಂದೆ ದೊಡ್ಡ ಅಂಕಿಗಳು ಕಾಣಿಸಿಕೊಂಡವು. 1870ರ ಬಳಿಕ ಭಾರತ ಸರಕಾರವೇ ಪ್ರಾಂತಗಳಿಂದ ಅಭಿಪ್ರಾಯ ತರಿಸಿಕೊಂಡಿತು. 1873ರಲ್ಲಿ, ಗಾಂಜಾದ ನಿತ್ಯಾಭ್ಯಾಸವು ಹುಚ್ಚಿಗೆ ದಾರಿ ಮಾಡುತ್ತದೆಂಬುದರಲ್ಲಿ ಸಂದೇಹವಿಲ್ಲವೆಂಬ ನಿರ್ಣಯವನ್ನು ಪ್ರಕಟಿಸಿತು. ಆಗಲೂ ಮುಖ್ಯ ಆಧಾರ ಹುಚ್ಚಾಸ್ಪತ್ರೆಯ ಅಂಕಿಗಳೇ.

ಇದಾದ ಮೇಲೆ ಒಂದು ವಿಚಿತ್ರ ಸುತ್ತು ಆರಂಭವಾಯಿತು. ಗಾಂಜಾದಿಂದ ಹುಚ್ಚು ಬರುತ್ತದೆಂದು ಸರಕಾರವೇ ಹೇಳಿದೆ. ಆದುದರಿಂದ ಹುಚ್ಚನು ಸಿಕ್ಕಿದಾಗ ಗಾಂಜಾ ಸೇದುತ್ತಿದ್ದನೇ ಎಂದು ಮೊದಲು ಕೇಳಬೇಕು. ಹೌದೆಂದರೆ ಕಾರಣ ಸಿಕ್ಕಿತು. ಮುಂದೆ ಕೇಳುವ ಅಗತ್ಯವಿಲ್ಲ. ಆ ಉತ್ತರ ಅಂಕಿಯಾಗಿ ಮೇಲಕ್ಕೆ ಹೋಗುತ್ತದೆ. ಅಂಕಿಯನ್ನು ನೋಡಿ ಸರಕಾರದ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ರಾಮನವಮಿಗೆ ಪಾನಕ ಕುಡಿದವರಲ್ಲಿ ಎಷ್ಟು ಮಂದಿಗೆ ಜ್ವರ ಬಂದಿತೆಂದು ಕೇಳುತ್ತ ಹೋದರೆ ಪಾನಕವೂ ವಿಷವೆಂದು ಸಿದ್ಧವಾದೀತು.

ಗಾಂಜಾ ಆ ಕಾಲದ ಭಾರತದಲ್ಲಿ ಗುಟ್ಟಿನ ಸರಕಾಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಬಂಗಾಳದ ನೌಗಾಂವ್ ಸೀಮೆಯಲ್ಲಿ ಸರಕಾರದ ಪರವಾನಗಿಯ ಮೇಲೆ ಅದನ್ನು ಬೆಳೆಯುತ್ತಿದ್ದರು. ಅಂಗಡಿಗಳಿಗೆ ಲೈಸೆನ್ಸು, ಅಬಕಾರಿ ಇಲಾಖೆಗೆ ಆದಾಯ. ಭಂಗಿ ಸೊಪ್ಪನ್ನು ಅರೆದು ಹಾಲಿನಲ್ಲಿ ಬೆರೆಸಿ ಶಿವರಾತ್ರಿ, ಹೋಳಿ ಹಬ್ಬಗಳಲ್ಲಿ ಕುಡಿಯುವ ವಾಡಿಕೆ ಉತ್ತರದಲ್ಲಿ ಗೃಹಸ್ಥರಲ್ಲಿಯೂ ಇದ್ದಿತು. ಸಾಧುಗಳ ಚಿಲುಮೆಯ ಮಾತಂತೂ ಹೇಳಬೇಕಾಗಿಲ್ಲ. ಕಲಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿದ್ದ ಒ’ಶಾಗ್ನೆಸಿ ಎಂಬ ವೈದ್ಯನು 1839ರಷ್ಟು ಹಿಂದೆಯೇ ಇದನ್ನು ಔಷಧವಾಗಿ ಪ್ರಯೋಗಿಸಿ ಪಾಶ್ಚಾತ್ಯ ವೈದ್ಯರಿಗೆ ಪರಿಚಯ ಮಾಡಿಕೊಟ್ಟಿದ್ದನು. (ಮುಂದೆ ಭಾರತಕ್ಕೆ ತಂತಿಯನ್ನು ತಂದವನೂ ಈತನೇ.) ಲಕ್ಷಾಂತರ ಜನ ಬಳಸುತ್ತಿದ್ದ ವಸ್ತುವಾದುದರಿಂದ ಹುಚ್ಚರಲ್ಲಿಯೂ ಕೆಲವರು ಬಳಸಿದ್ದಿರಲೇಬೇಕು. ಬಳಸಿದುದು ಬೇರೆ, ಅದರಿಂದ ಹುಚ್ಚು ಹಿಡಿದುದು ಬೇರೆ ಎಂಬ ಭೇದಕ್ಕೆ ಮಾತ್ರ ಆ ಕಾಗದದಲ್ಲಿ ಜಾಗವಿರಲಿಲ್ಲ.

ಇಂಗ್ಲೆಂಡಿನಲ್ಲಿ ಆಗ ಮದ್ಯಪಾನ, ಅಫೀಮುಗಳ ವಿರುದ್ಧ ಪ್ರಬಲವಾದ ಚಳವಳಿ ನಡೆದಿದ್ದಿತು. 1891ರಲ್ಲಿ ಮಾರ್ಕ್ ಸ್ಟುವರ್ಟ್ ಎಂಬ ಸದಸ್ಯನು ಕಾಮನ್ಸ್ ಸಭೆಯಲ್ಲಿ ಪ್ರಶ್ನೆಯೆತ್ತಿದನು: ಸರಕಾರದ ಆಶ್ರಯದಲ್ಲಿ ಮಾರಾಟವಾಗುವ ಗಾಂಜಾ ಅಫೀಮಿಗಿಂತ ಕೆಟ್ಟದೆಂದೂ, ಭಾರತದ ಹುಚ್ಚಾಸ್ಪತ್ರೆಗಳು ಗಾಂಜಾ ಸೇದುವವರಿಂದ ತುಂಬಿವೆಯೆಂದೂ ಪತ್ರಿಕೆಯೊಂದು ಬರೆದಿರುವುದು ನಿಜವೇ? 1893ರ ಮಾರ್ಚಿಯಲ್ಲಿ ಡಬ್ಲ್ಯು. ಎಸ್. ಕೇನ್ ಎಂಬ ಇನ್ನೊಬ್ಬ ಸದಸ್ಯನು ವಿಷಯವನ್ನು ಮತ್ತೆ ತಂದು ವಿಚಾರಣೆಯಾಗಬೇಕೆಂದು ಪಟ್ಟು ಹಿಡಿದನು. ಬಂಗಾಳಕ್ಕೆಂದು ಕೇಳಿದ ವಿಚಾರಣೆಯನ್ನು ಭಾರತ ಸರಕಾರ ಇಡೀ ದೇಶಕ್ಕೆ ವಿಸ್ತರಿಸಿತು. 1893ರ ಜುಲೈಯಲ್ಲಿ ಏಳು ಮಂದಿಯ ಆಯೋಗ ನೇಮಕವಾಯಿತು. ಅಧ್ಯಕ್ಷನು ಮ್ಯಾಕ್‌ವರ್ತ್ ಯಂಗ್. ಸದಸ್ಯರಲ್ಲಿ ಒಮ್ಯಾನಿ, ಫ್ರೇಜರ್ ಎಂಬ ಇಬ್ಬರು ಸಿವಿಲ್ ಅಧಿಕಾರಿಗಳು, ರಸಾಯನಶಾಸ್ತ್ರದ ಪ್ರಾಧ್ಯಾಪಕನಾದ ವಾರ್ಡನ್ ಎಂಬ ವೈದ್ಯನು, ಭಾರತೀಯರಾದ ತಾಹಿರ್‌ಪುರದ ರಾಜಾ ಶಶಿಶೇಖರೇಶ್ವರ ರಾಯ್, ಕಪೂರ್ತಲದ ಕನ್ವರ್ ಹರ್ನಾಮ್ ಸಿಂಗ್, ಮುಜಫರ್‌ನಗರದ ಲಾಲಾ ನಿಹಾಲ್ ಚಂದ್ ಇದ್ದರು.

ಕಾಗದ ಹಿಂದಿರುಗಿತು

ಆಯೋಗವು 1,193 ಸಾಕ್ಷಿಗಳನ್ನು ವಿಚಾರಿಸಿತು. ವೈದ್ಯರು, ಕಲೆಕ್ಟರರು, ಜಮೀನುದಾರರು, ಪಾದ್ರಿಗಳು, ಗಾಂಜಾದ ವ್ಯಾಪಾರಿಗಳು, ಎಲ್ಲರೂ ಬಂದರು. ಆದರೆ ಆಯೋಗದ ಕೆಲಸದಲ್ಲಿ ಬೆಲೆಯುಳ್ಳ ಭಾಗ ಈ ಮಾತುಗಳ ರಾಶಿಯಲ್ಲ. ಅದು ಮಾಡಿದ ಅತ್ಯಂತ ಸರಳವಾದ ಒಂದು ಕೆಲಸ: 1892ನೆಯ ಒಂದು ವರ್ಷವನ್ನು ಆರಿಸಿಕೊಂಡು, ಆ ವರ್ಷ ಬ್ರಿಟಿಷ್ ಭಾರತದ ಹುಚ್ಚಾಸ್ಪತ್ರೆಗಳಿಗೆ ಗಾಂಜಾ, ಚರಸ್, ಭಂಗಿಗಳಿಂದ ಹುಚ್ಚರಾದರೆಂದು ದಾಖಲಾದ ಪ್ರತಿಯೊಬ್ಬನ ವಿಷಯವನ್ನೂ ಬುಡದಿಂದ ಪುನಃ ವಿಚಾರಿಸಿತು.

ಆ ವರ್ಷ ಒಟ್ಟು 1,344 ಮಂದಿ ದಾಖಲಾಗಿದ್ದರು. ಅವರಲ್ಲಿ 222 ಮಂದಿಯ ಮುಂದೆ ಈ ಮಾದಕಗಳೇ ಕಾರಣವೆಂದು ಬರೆದಿದ್ದಿತು. ಎಂದರೆ ಆರು ಮಂದಿಗೆ ಒಬ್ಬರಂತೆ. ಕಡತಗಳನ್ನು ತೆಗೆಸಿದರು. ಮೇಲ್ವಿಚಾರಕರನ್ನು ಕೇಳಿದರು: “ಈ ಪದವನ್ನು ಯಾವ ಆಧಾರದ ಮೇಲೆ ಬರೆದಿರಿ?” ವೈದ್ಯರು ಒಬ್ಬರಾದ ಮೇಲೊಬ್ಬರು ಒಪ್ಪಿಕೊಂಡರು: ಮ್ಯಾಜಿಸ್ಟ್ರೇಟರಿಂದ ಬಂದ ಕಾಗದದಲ್ಲಿ ಹಾಗೆಯೇ ಇತ್ತು. ಮ್ಯಾಜಿಸ್ಟ್ರೇಟರ ಕಾಗದಕ್ಕೆ ಆಧಾರ ಪೊಲೀಸಿನ ಕಾಗದ. ಪೊಲೀಸಿನ ಕಾಗದಕ್ಕೆ ಆಧಾರ ಬೀದಿಯ ಮಾತು.

ಆಮೇಲೆ ರೋಗಿಗಳ ಊರುಗಳಲ್ಲಿ ವಿಚಾರಣೆ ನಡೆಯಿತು. ತಂದೆ, ಅಣ್ಣ, ನೆರೆಯವರು ಸಿಕ್ಕಿದ ಕಡೆ ಅವರನ್ನು ಕೇಳಿದರು. ಕೇಳಿದೊಡನೆ ಕಥೆ ಬೇರೆಯಾಯಿತು. ಕೆಲವರಿಗೆ ಗಾಂಜಾದ ಅಭ್ಯಾಸವೇ ಇರಲಿಲ್ಲ. ಕೆಲವರಿಗೆ ಮೊದಲು ಹುಚ್ಚು, ಆಮೇಲೆ ಚಿಲುಮೆ. ಮನೆಬಿಟ್ಟು ಅಲೆದಾಡುತ್ತ ಬೈರಾಗಿಗಳ ಸಂಗ ಸೇರಿ ಸೇದಲಾರಂಭಿಸಿದ್ದರು. ಕೆಲವರ ಮನೆತನದಲ್ಲಿ ಹಿಂದೆಯೇ ಬುದ್ಧಿವಿಕಾರವಿತ್ತು. ಕೆಲವರ ಊರೇ ಪತ್ತೆಯಾಗಲಿಲ್ಲ. ಆದರೂ ರೋಗದ ಕಾರಣ ಮಾತ್ರ ರಿಜಿಸ್ಟರಿನಲ್ಲಿ ನಿಸ್ಸಂದಿಗ್ಧವಾಗಿ ದಾಖಲಾಗಿದ್ದಿತು!

ಜರಡಿ ಹಿಡಿದ ಮೇಲೆ 222ರಲ್ಲಿ ಉಳಿದುದು 98. ಇವರಲ್ಲಿ 61 ಮಂದಿಯ ವಿಷಯದಲ್ಲಿ ಮಾತ್ರ ಈ ಮಾದಕವೊಂದೇ ಕಾರಣವಾಗಿರಬಹುದೆಂದು ತೋರಿತು. 37 ಮಂದಿಯಲ್ಲಿ ಇತರ ಕಾರಣಗಳೂ ಬೆರೆತಿದ್ದವು. ಒಟ್ಟು ದಾಖಲಾತಿಯಲ್ಲಿ ನೂರಕ್ಕೆ 7.3. ಈ ಉಳಿದವರಲ್ಲಿಯೂ ಎಲ್ಲವೂ ಸಂಶಯಕ್ಕೆ ಎಡೆಯಿಲ್ಲದಂತೆ ಸಿದ್ಧವಾದುವೆಂದು ಆಯೋಗ ಹೇಳಲಿಲ್ಲ.

ಉಳಿದ 124 ಮಂದಿಯನ್ನು ಕುರಿತು ಸ್ವಲ್ಪ ನಿಂತು ಯೋಚಿಸಬೇಕು. ಅವರು ಹುಚ್ಚರಲ್ಲವೆಂದು ಯಾರೂ ಹೇಳಲಿಲ್ಲ. ಅವರ ಹುಚ್ಚಿಗೆ ಏನೋ ಕಾರಣವಿದ್ದಿತು. ಒಬ್ಬನು ತಾಯಿಯ ಕಡೆಯಿಂದ ಪಡೆದುಬಂದಿರಬಹುದು, ಇನ್ನೊಬ್ಬನು ದುಃಖದಿಂದ ಕುಸಿದಿರಬಹುದು. ‘ಗಾಂಜಾ’ ಎಂದು ಬರೆದ ಕ್ಷಣದಲ್ಲಿ ಆ ಕಾರಣವನ್ನು ಹುಡುಕುವ ಹೊಣೆಯಿಂದ ಪೊಲೀಸು, ಮ್ಯಾಜಿಸ್ಟ್ರೇಟು, ಸರ್ಜನ್ ಮೂವರೂ ಬಿಡುಗಡೆ ಹೊಂದಿದರು. ರೋಗವು ರೋಗಿಯ ತಪ್ಪಾಯಿತು. ತನ್ನ ಕೈಯಾರೆ ತಂದುಕೊಂಡ ಹುಚ್ಚಿಗೆ ಯಾರು ಮರುಗುತ್ತಾರೆ?

ಆಯೋಗದ ಕೋರಿಕೆಯ ಮೇಲೆ ಕಲಕತ್ತೆಯಲ್ಲಿ ಕನಿಂಗ್‌ಹ್ಯಾಮ್ ಎಂಬ ವೈದ್ಯನು ಕೋತಿಗಳಿಗೆ ತಿಂಗಳುಗಟ್ಟಲೆ ಗಾಂಜಾದ ಹೊಗೆ ಕೊಟ್ಟು ಪರೀಕ್ಷೆ ನಡೆಸಿದನು. ಕೊನೆಗೆ ಮೆದುಳನ್ನು ಪರೀಕ್ಷಿಸಿದಾಗ ಗಾಂಜಾದಿಂದ ಆಯಿತೆನ್ನಬಹುದಾದ ವಿಕಾರ ಕಾಣಲಿಲ್ಲ. ಕೋತಿಯ ಸಾಕ್ಷ್ಯಕ್ಕೆ ಎಷ್ಟು ಬೆಲೆ ಕೊಡಬೇಕೋ ಕೊಡಬಹುದು. ಠಾಣೆಯ ಕಾಗದಕ್ಕಿಂತ ಅದನ್ನು ಹೆಚ್ಚು ಎಚ್ಚರದಿಂದ ತೆಗೆದುಕೊಂಡಿದ್ದರೆಂಬುದು ಮಾತ್ರ ನಿಜ.

1894ರಲ್ಲಿ ಸಿಮ್ಲೆಯಲ್ಲಿ ಅಚ್ಚಾದ ವರದಿ ಏಳು ಸಂಪುಟಗಳದು. ಮಿತವಾದ ಸೇವನೆಯಿಂದ ಬುದ್ಧಿಗೆ ಹಾನಿಯಿಲ್ಲ. ಅತಿಯಾದ ಸೇವನೆ ಕೆಡುಕು, ಅದರಲ್ಲಿಯೂ ಸ್ವಭಾವತಃ ಅಥವಾ ವಂಶಪಾರಂಪರ್ಯದಿಂದ ದುರ್ಬಲಚಿತ್ತರಾದವರಲ್ಲಿ ಹುಚ್ಚನ್ನು ತರಬಲ್ಲುದು. ಆದರೆ ಹುಚ್ಚಾಸ್ಪತ್ರೆಯ ಅಂಕಿಗಳು ನಂಬತಕ್ಕವಲ್ಲ. ಇದು ಅದರ ತಾತ್ಪರ್ಯ. ನಿಷೇಧ ಬೇಡ, ತೆರಿಗೆ, ಲೈಸೆನ್ಸುಗಳಿಂದ ಹತೋಟಿಯಲ್ಲಿಡಬೇಕೆಂದು ಸಲಹೆ ಮಾಡಿತು. ರಾಜಾ ಶಶಿಶೇಖರೇಶ್ವರ ರಾಯರೂ ಲಾಲಾ ನಿಹಾಲ್ ಚಂದರೂ ಇಷ್ಟು ಮೃದುವಾದ ತೀರ್ಮಾನಕ್ಕೆ ಒಪ್ಪದೆ ಭಿನ್ನಾಭಿಪ್ರಾಯ ಬರೆದರು.

ಅಬಕಾರಿ ಆದಾಯವನ್ನು ಉಳಿಸಿಕೊಳ್ಳುವುದಕ್ಕೆ ಸರಕಾರವೇ ಇಂತಹ ತೀರ್ಮಾನವನ್ನು ಬಯಸಿದ್ದಿರಬಹುದಲ್ಲವೇ? ಈ ಶಂಕೆ ನ್ಯಾಯವಾದುದೇ. ಗಾಂಜಾವನ್ನು ಮಾರುವ ಸರಕಾರ ಗಾಂಜಾಕ್ಕೆ ಕೊಟ್ಟ ಯೋಗ್ಯತಾಪತ್ರವನ್ನು ಹಾಗೆಯೇ ಒಪ್ಪಬೇಕಾಗಿಲ್ಲ. ಎಳೆಯ ವಯಸ್ಸಿನಲ್ಲಿ ಅತಿಯಾಗಿ ಸೇದುವವರಲ್ಲಿ ತೀವ್ರ ಚಿತ್ತವಿಕಾರದ ಸಂಭವ ಹೆಚ್ಚೆಂದು ಇಂದಿನ ವೈದ್ಯವಿಜ್ಞಾನವೂ ಹೇಳುತ್ತದೆ. ಆದುದರಿಂದ ಆಯೋಗದ ಸಮಾಧಾನದ ಮಾತೇ ಕೊನೆಯ ಮಾತಲ್ಲ. ಆದರೆ 222 ಕಡತಗಳ ಮರುವಿಚಾರಣೆ ಬೇರೆಯ ವಿಷಯ. ಇಪ್ಪತ್ತು ವರ್ಷಗಳ ಕಾಲ ತನ್ನದೇ ಆಸ್ಪತ್ರೆಗಳಲ್ಲಿ ಬಿದ್ದಿದ್ದವರ ವಿಷಯ ತನಗೇನೂ ತಿಳಿದಿರಲಿಲ್ಲವೆಂದು ಒಂದು ಸರಕಾರ ತನ್ನ ಖರ್ಚಿನಲ್ಲಿ ತಾನೇ ಅಚ್ಚು ಹಾಕಿಸಿದುದು ಅಪರೂಪ.

ಕನ್ನಡ ಸೀಮೆ

ಈ ಲೆಕ್ಕದಲ್ಲಿ ಕನ್ನಡನಾಡಿನ ಒಂದು ಭಾಗ ಒಳಗಿತ್ತು, ಇನ್ನೊಂದು ಹೊರಗಿತ್ತು. ಧಾರವಾಡದ ಹುಚ್ಚಾಸ್ಪತ್ರೆ 19ನೆಯ ಶತಮಾನದ ಮಧ್ಯಭಾಗದ್ದು. ಮುಂಬಯಿ ಆಧಿಪತ್ಯಕ್ಕೆ ಸೇರಿದುದರಿಂದ ಬ್ರಿಟಿಷ್ ಭಾರತದ ಕೋಷ್ಟಕಗಳಿಗೆ ಅದರ ರಿಜಿಸ್ಟರೂ ಸೇರುತ್ತಿತ್ತು. ಬೆಂಗಳೂರಿನ ಆಸ್ಪತ್ರೆ ಹುಟ್ಟಿದುದು ಮೈಸೂರು ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದಾಗ, ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ವೈದ್ಯನ ಪ್ರಯತ್ನದಿಂದ. 1881ರಲ್ಲಿ ರಾಜ್ಯ ಅರಸರಿಗೆ ಹಿಂದಿರುಗಿತು. ಆದುದರಿಂದ 1892ರ ಆ 1,344ರಲ್ಲಿ ಬೆಂಗಳೂರಿನ ರೋಗಿಗಳು ಇಲ್ಲ. ಪೇಟೆಯ ಇಕ್ಕಟ್ಟಿನಲ್ಲಿದ್ದ ಆ ಆಸ್ಪತ್ರೆಯನ್ನು 1930ರ ದಶಕದಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಊರಹೊರಗಿನ ವಿಶಾಲವಾದ ಬಯಲಿಗೆ ಸಾಗಿಸಿದರು. ಡಾ. ಫ್ರಾಂಕ್ ನೊರೋನ್ಹಾ, ಅವರ ತರುವಾಯ ಡಾ. ಎಂ. ವಿ. ಗೋವಿಂದಸ್ವಾಮಿ ಅದನ್ನು ನಡೆಸಿದರು. 1974ರಲ್ಲಿ ಅದೇ ನಿಮ್ಹಾನ್ಸ್ ಸಂಸ್ಥೆಯಲ್ಲಿ ಸೇರಿಹೋಯಿತು.

ಬ್ರಿಟಿಷ್ ಭಾರತದ ಉಳಿದ ಆಸ್ಪತ್ರೆಗಳು ನಿಧಾನವಾಗಿ ಬದಲಾದವು. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಬಂದೀಖಾನೆಗಳ ಅಧಿಕಾರಿಗಳ ಹಿಡಿತ ಸಡಿಲವಾಯಿತು. ದೊಡ್ಡ ಆಸ್ಪತ್ರೆಗಳಿಗೆ ಬೇರೆ ಕೆಲಸವಿಲ್ಲದ ಪೂರ್ಣಕಾಲದ ವೈದ್ಯರನ್ನು ನೇಮಿಸುವ ಪದ್ಧತಿ ಬಂದಿತು. 1858ರ ಕಾಯಿದೆಯ ಸ್ಥಾನಕ್ಕೆ 1912ರಲ್ಲಿ ಹೊಸ ಕಾಯಿದೆ ಬಂದಿತು. ಸ್ವಾತಂತ್ರ್ಯ ಬಂದ ಮೇಲೂ ಬಹುಕಾಲ ಭಾರತದಲ್ಲಿ ಜಾರಿಯಲ್ಲಿದ್ದುದು ಇದೇ. 1987ರ ಮಾನಸಿಕ ಆರೋಗ್ಯ ಕಾಯಿದೆ 1993ರಲ್ಲಿ ಜಾರಿಗೆ ಬಂದಾಗ ಅದು ಕೊನೆಗೊಂಡಿತು.

ರೋಗಿಯನ್ನು ಸೇರಿಸಲು ಬಂಧುಗಳು ಸಲ್ಲಿಸಬೇಕಾದ ಅರ್ಜಿಯ ನಮೂನೆ 1912ರ ಕಾಯಿದೆಯ ಕೊನೆಯಲ್ಲಿದೆ. ಕಾರಣದ ಕಾಲಂ ಅದರಲ್ಲಿಯೂ ಇದೆ. ಆದರೆ ಅಲ್ಲಿ ಕೇಳಿರುವುದು ‘ಊಹಿಸಲಾದ ಕಾರಣ’. ಅದರ ಕೆಳಗೆ ಮೂರ್ಛೆರೋಗವಿದೆಯೇ, ಸಮೀಪದ ಬಂಧುಗಳಲ್ಲಿ ಯಾರಿಗಾದರೂ ಹುಚ್ಚು ಇದ್ದಿತೇ ಎಂಬ ಪ್ರಶ್ನೆಗಳು ಬರುತ್ತವೆ. ಮದ್ಯ, ಅಫೀಮು, ಗಾಂಜಾ, ಚರಸ್, ಭಂಗಿ, ಕೊಕೇನುಗಳ ಅಭ್ಯಾಸವಿದೆಯೇ ಎಂಬುದನ್ನು ಕಾರಣದ ಕಾಲಮಿನಿಂದ ಹೊರಗೆ, ಬೇರೆಯೊಂದು ಸಾಲಿನಲ್ಲಿ ಕೇಳಿದೆ.